ಪೆನ್ಸಿಲ್ ಕೇಳುವ ವಿದ್ಯೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಬೆಂಗಳೂರಿನ ಬನಶಂಕರಿ, ಜಯನಗರದ ಮಕ್ಕಳ ಮನೆಮಾತು ಕನ್ನಡ, ತಮಿಳು, ಉರ್ದು, ತೆಲುಗು ಯಾವುದಾದರೂ ಇರಬಹುದು. ಇವರಿಗೆ ಇಂಗ್ಲಿಷಿನ ವಿನಯ ಕಲಿಸುವ ಟೀಚರ್‌ಗಳ ಕಸುಬು ಮೆಚ್ಚುವಂಥದ್ದು.

ಒಬ್ಬರ ಕೋರಿಕೆಯನ್ನು ಇನ್ನೊಬ್ಬರು ವರದಿ ಮಾಡುವ ನಿಯಮ ಬೋರ್ಡಿಗೇರುವ ಮೊದಲೇ ಆಟ ಶುರು. ಒಬ್ಬಳು ಪಕ್ಕದವನನ್ನು ಕೇಳುತ್ತಾಳೆ: 'ಕುಡ್ ಯು ಗಿವ್ ಮಿ ಎ ಪೆನ್ಸಿಲ್, ಪ್ಲೀಸ್?' ಮೂರನೆಯವರು ವರದಿ ಒಪ್ಪಿಸಬೇಕು: 'ಶಿ ಆಸ್ಕ್ಡ್ ಹಿಮ್ ಟು ಗಿವ್ ಹರ್ ಎ ಪೆನ್ಸಿಲ್.' ಪ್ರಶ್ನೆ ಕರಗಿತು, 'ಪ್ಲೀಸ್' ಉದುರಿತು, 'ಮಿ' ಹೋಗಿ 'ಹರ್' ಬಂತು.

ಕನ್ನಡದಲ್ಲಾದರೆ ಆಡಿದ ಮಾತನ್ನು ಹಾಗೇ ಇಟ್ಟು 'ಅಂತ' ಸೇರಿಸಿದರೆ ಮುಗಿಯಿತು. ಹಾಗಾಗಿ ಮಕ್ಕಳು ಸರ್ವನಾಮದಲ್ಲಿ ಎಡವುವುದುಂಟು. ಅದನ್ನರಿತ ಟೀಚರ್ ಬೈಯುವುದಿಲ್ಲ. ಇನ್ನೊಂದು ಸರದಿ ಕೊಡುತ್ತಾರೆ.