ಹಿಮದ ದಾರಿಯಲ್ಲಿ ಎರಡು ಸೈಕಲ್ಲುಗಳು

ಸೈಕಲ್ಲಿಗೂ ಒಂದು ಸಾಹಿತ್ಯವುಂಟೆ ಎಂದು ಕೇಳುವವರು ಇರಬಹುದು. ಉಂಟು, ಇಂಗ್ಲಿಷಿನಲ್ಲಂತೂ ಸಾಕಷ್ಟು ಉಂಟು. ಆದರೆ ಅದರಲ್ಲಿ ಬಹುಪಾಲು ಬೇಸಗೆಯ ಸಾಹಿತ್ಯ. ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ ‘ದಿ ವೀಲ್ಸ್ ಆಫ್ ಚಾನ್ಸ್’ ಕಾದಂಬರಿಯಲ್ಲಿ ಬಟ್ಟೆಯಂಗಡಿಯ ಗುಮಾಸ್ತ ಹೂಪ್‌ಡ್ರೈವರ್ ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಸೈಕಲ್ಲೇರಿ ದಕ್ಷಿಣ ಇಂಗ್ಲೆಂಡಿನ ಹಸುರಿನಲ್ಲಿ ಸುತ್ತಾಡುತ್ತಾನೆ. ಜೆರೋಮ್ ಕೆ. ಜೆರೋಮ್‌ನ ‘ತ್ರೀ ಮೆನ್ ಆನ್ ದಿ ಬಮ್ಮೆಲ್’ ಪುಸ್ತಕದಲ್ಲಿ (1900) ಮೂವರು ಮಿತ್ರರು ಜರ್ಮನಿಯನ್ನು ನೋಡಹೊರಟು ನಮ್ಮನ್ನು ನಗಿಸುತ್ತಾರೆ. ಅಲ್ಲೆಲ್ಲ ರಜೆ, ಬಿಸಿಲು, ಹೋಟೆಲಿನ ಊಟ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲೇಬೇಕಾದವನ ಸೈಕಲ್ಲು ಅಲ್ಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವ ದಿನದ ಸೈಕಲ್ಲಂತೂ ಮೊದಲೇ ಇಲ್ಲ.

ಚಳಿಗಾಲ ಬಂದೊಡನೆ ಈ ಸಾಹಿತ್ಯದ ಧಾಟಿಯೇ ಬದಲಾಗುತ್ತದೆ. ಹಾಸ್ಯ ಹಿಂದೆ ಸರಿದು ವೀರ ಮುಂದೆ ಬರುತ್ತದೆ. 1900ರಲ್ಲಿ ಚಿನ್ನದ ಆಸೆಗೆ ಬಿದ್ದ ಕೆಲವರು ಕೆನಡಾದ ಡಾಸನ್ನಿನಿಂದ ಅಲಾಸ್ಕದ ನೋಮ್ ಊರಿಗೆ, ಸುಮಾರು ಸಾವಿರ ಮೈಲಿ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸೈಕಲ್ ತುಳಿದರು. ಅವರಲ್ಲಿ ಎಡ್ ಜೆಸ್ಸನ್ ಮತ್ತು ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬಿಬ್ಬರು ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಚಳಿಗೆ ಟೈರು ಮರದಂತೆ ಬಿರುಸಾದದ್ದು, ಎಣ್ಣೆ ಹೆಪ್ಪುಗಟ್ಟಿ ಚಕ್ರ ತಿರುಗದೆ ಹೋದದ್ದು, ಸರಪಳಿ ಕಿತ್ತುಹೋದಾಗ ಹಿರ್ಷ್‌ಬರ್ಗ್ ತನ್ನ ಕೋಟನ್ನೇ ಹಾಯಿಯಾಗಿ ಬಿಡಿಸಿ ಗಾಳಿಯ ಬಲದಿಂದ ಮುಂದೆ ಸಾಗಿದ್ದು, ಇವೆಲ್ಲ ಓದಲು ಬಲು ಸೊಗಸು. ಓದಿ ಮುಗಿಸಿದ ಮೇಲೆ ನಾವು ಚಪ್ಪಾಳೆ ತಟ್ಟಿ ಕಂಬಳಿ ಹೊದ್ದುಕೊಳ್ಳುತ್ತೇವೆ.

ಈ ಧಾಟಿಯ ಅತ್ಯುತ್ತಮ ಕೃತಿಯೆಂದು ನಾನು ಎಣಿಸಿರುವುದು ಐರ್ಲೆಂಡಿನ ಡರ್ವ್ಲಾ ಮರ್ಫಿಯವರ ‘ಫುಲ್ ಟಿಲ್ಟ್’ (1965). ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲೂ ಒಂದು ಹಳೆಯ ಅಟ್ಲಾಸೂ ಉಡುಗೊರೆಯಾಗಿ ಬಂದವು. ಕೆಲವೇ ದಿನಗಳಲ್ಲಿ ಆ ಹುಡುಗಿ ಸೈಕಲ್ ಮೇಲೆ ಇಂಡಿಯಾಕ್ಕೆ ಹೋಗುವುದೆಂದು ನಿಶ್ಚಯಿಸಿದಳು. ಹೊರಟದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, 1963ರ ಜನವರಿ 14ರಂದು, ಫ್ರಾನ್ಸಿನ ಡಂಕರ್ಕಿನಿಂದ. ಯೂರೋಪಿನಲ್ಲಿ ಎಷ್ಟೋ ವರ್ಷಗಳಿಂದ ಕಂಡರಿಯದಂಥ ಚಳಿ ಬಿದ್ದಿದ್ದ ವರ್ಷ ಅದು. ಸೈಕಲ್ಲಿನ ಹೆಸರು ರೋಸಿನಾಂಟೆ, ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರು, ಮುದ್ದಿಗೆ ರೋಸ್. ದಾರಿಯಲ್ಲಿ ಕೆಡುವ ಭಾಗಗಳು ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಗೇರುಗಳನ್ನು ತೆಗೆದುಹಾಕಿದ್ದರು. ಅಂದಿನ ಯುಗೊಸ್ಲಾವಿಯದ ಹಿಮದ ಕಾಡಿನಲ್ಲಿ ತೋಳಗಳು ಮೈಮೇಲೆರಗಿದಾಗ ಪಿಸ್ತೂಲು ಹಾರಿಸಿ ಪಾರಾದ ಪ್ರಸಂಗವನ್ನು ಒಮ್ಮೆ ಓದಿದವರು ಮರೆಯಲಾರರು.

ಇಷ್ಟು ಮೆಚ್ಚಿಕೊಂಡ ಮೇಲೂ ನನ್ನದೊಂದು ಆಕ್ಷೇಪಣೆ ಇದೆ. ಹಿಮದ ಭಾಗ ಈ ಪುಸ್ತಕದ ಅತಿ ಅವಸರದ ಭಾಗ. ಡಂಕರ್ಕಿನಿಂದ ಟೆಹರಾನಿನವರೆಗಿನ ದಾರಿಯನ್ನೆಲ್ಲ ಲೇಖಕಿ ಪೀಠಿಕೆಯಂಥ ಒಂದೇ ಅಧ್ಯಾಯಕ್ಕೆ ತುರುಕಿಬಿಡುತ್ತಾರೆ. ದಿನಚರಿಯ ಬಿಡುಬೀಸಾದ ಬರವಣಿಗೆ ಆರಂಭವಾಗುವುದು ಆಮೇಲೆ. ಆಫ್ಘಾನಿಸ್ತಾನವನ್ನು ಕುರಿತ ಪುಟಗಳಲ್ಲಿ ಅವರು ನಿಂತು ನೋಡುತ್ತಾರೆ, ಜನರ ಮುಖ ಕಾಣುತ್ತದೆ, ಚಹದ ರುಚಿ ಬರುತ್ತದೆ. ಹಿಮದಲ್ಲಿ ನಿಂತು ನೋಡಲು ಅವರಿಗೆ ಪುರಸೊತ್ತಿಲ್ಲ. ಹಿಮ ಅವರಿಗೆ ದಾಟಬೇಕಾದ ಶತ್ರು, ದಾಟಿದ ಮೇಲೆ ಮರೆಯಬೇಕಾದ್ದು. ಹಲವು ಕಡೆ ಸೈಕಲ್ಲನ್ನು ಲಾರಿಯ ಮೇಲೆ ಹೇರಬೇಕಾಗಿ ಬಂತೆಂಬುದನ್ನು ಮುಚ್ಚಿಡದೆ ಹೇಳುತ್ತಾರೆ, ಅದು ದೊಡ್ಡತನ. ಆದರೂ ಹಿಮದಲ್ಲಿ ಸೈಕಲ್ ತುಳಿಯುವುದೆಂದರೆ ಏನು ಎಂಬುದು ಈ ಪುಸ್ತಕದಿಂದ ನನಗೆ ತಿಳಿಯಲಿಲ್ಲ. ತಿಳಿದದ್ದು ಮರ್ಫಿ ಎಂಥ ಗಟ್ಟಿಗಿತ್ತಿ ಎಂಬುದು. ಕಾಯಿಲೆಯ ತಾಯಿಯ ಆರೈಕೆಗೆ ಹದಿನಾಲ್ಕನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟವರು, ತಾಯಿ ತೀರಿಕೊಂಡ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ಹೊರಟರು. ವಸಂತ ಬರುವ ತನಕ ಕಾಯಬಹುದಾಗಿತ್ತು, ಕಾಯಲಿಲ್ಲ. ಆ ಕಾಯಲಾರದಿದ್ದುದರಲ್ಲಿ ಇರುವ ಕಥೆ ತೋಳಗಳ ಕಥೆಗಿಂತ ದೊಡ್ಡದೆಂದು ನನ್ನ ಊಹೆ.

ಹೀಗೆ ಆಕ್ಷೇಪಿಸಲು ನನಗೇನು ಅಧಿಕಾರ ಎಂದು ಓದುಗರು ಕೇಳಬಹುದು. ಸ್ವಲ್ಪ ಇದೆ. ಫಿನ್‌ಲೆಂಡಿನ ಉತ್ತರದಲ್ಲಿ ಔಲು ಎಂಬ ಊರಿದೆ. ಎರಡು ಲಕ್ಷಕ್ಕೆ ಮಿಕ್ಕ ಜನ, ಸಮುದ್ರದ ದಂಡೆ, 65ನೆಯ ಅಕ್ಷಾಂಶ. ಮಗಳ ಉದ್ಯೋಗ ಅಲ್ಲಿ. ಒಂದು ಇಡೀ ಚಳಿಗಾಲ ಅವಳ ಮನೆಯಲ್ಲಿ ಕಳೆದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮೂರೂವರೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರುವುದಿಲ್ಲ. ಇದ್ದಾಗಲೂ ತೆಂಗಿನಮರದೆತ್ತರಕ್ಕೆ ಏರುವುದಿಲ್ಲ. ಮೊದಲ ಬೆಳಿಗ್ಗೆ ಏಳೂವರೆಗೆ ಕಿಟಕಿಯಿಂದ ಇಣುಕಿದೆ. ಕಗ್ಗತ್ತಲು, ಸೊನ್ನೆಯ ಕೆಳಗೆ ಹದಿನಾಲ್ಕು ಡಿಗ್ರಿ. ಬೀದಿದೀಪಗಳ ಕೆಳಗೆ ಸೈಕಲ್ಲುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಶಾಲೆಗೆ ಹೋಗುವ ಹುಡುಗರು, ಬುಟ್ಟಿಯಲ್ಲಿ ಸಾಮಾನಿಟ್ಟುಕೊಂಡ ಒಬ್ಬ ಮುದುಕಿ, ಕಚೇರಿಯ ಚೀಲ ಹೊತ್ತವರು. ಕೋಟಿನ ತುದಿಯಲ್ಲಿ ಜೋತಾಡುವ ಬಿಲ್ಲೆಗಳು ಬೆಳಕಿಗೆ ಮಿಣಮಿಣ ಎನ್ನುತ್ತಿದ್ದವು. ಯಾರ ಮುಖದಲ್ಲೂ ಸಾಹಸದ ಕಳೆ ಇರಲಿಲ್ಲ. ಇದ್ದದ್ದು ನಿದ್ದೆಯ ಕಳೆ.

“ಇವರಿಗೆಲ್ಲ ಹುಚ್ಚೇನಮ್ಮ?” ಎಂದೆ.

“ಬಸ್ಸಿಗೆ ಕಾಯೋದು ಇನ್ನೂ ಚಳಿ ಅಪ್ಪ,” ಎಂದು ಅವಳೂ ಹೊರಟುಹೋದಳು.

ಒಂದು ವಾರದ ಮೇಲೆ ನನಗೂ ಒಂದು ಸೈಕಲ್ ಬಂತು, ಟೈರಿನಲ್ಲಿ ಸಣ್ಣ ಸಣ್ಣ ಉಕ್ಕಿನ ಮೊಳೆಗಳಿದ್ದದ್ದು. ನಾನು ಕಲಿತ ಮೊದಲ ಪಾಠ: ಶತ್ರು ಚಳಿಯಲ್ಲ, ಬೆವರು. ಬೆಚ್ಚಗೆ ಹೊದ್ದು ಹೊರಟರೆ ಹತ್ತು ನಿಮಿಷದಲ್ಲಿ ಒಳಬಟ್ಟೆ ತೊಯ್ದು, ನಿಂತ ಕೂಡಲೆ ಮೈ ಮರಗಟ್ಟುತ್ತದೆ. ಕೊಂಚ ನಡುಗುತ್ತಲೇ ಹೊರಡಬೇಕು. ಎರಡನೆಯದು: ಥರ್ಮಾಮೀಟರು ಕೆಳಗಿಳಿದಷ್ಟೂ ದಾರಿ ಒಳ್ಳೆಯದು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಒತ್ತಿದ ಹಿಮ ಒಣ ಮರಳಿನಂತೆ ಚಕ್ರವನ್ನು ಹಿಡಿಯುತ್ತದೆ. ಕೂವೆ ಹಿಟ್ಟನ್ನು ಬೆರಳಿನಲ್ಲಿ ಒತ್ತಿದಾಗ ಬರುವಂಥ ಕಿರಕಿರ ಶಬ್ದ. ಸೊನ್ನೆಯ ಹತ್ತಿರ ಬಂದಾಗಲೇ ಮೇಲೆ ನೀರಾಡಿ ಜಾರುವುದು. ನಾನು ಬಿದ್ದದ್ದು ಅಂಥ ಒಂದು ‘ಸುಖದ’ ದಿನ, ಅಂಗಡಿಯ ಬಾಗಿಲೆದುರಿಗೆ. ಬೀಗ ಹೆಪ್ಪುಗಟ್ಟುವುದು, ಕನ್ನಡಕದ ಮೇಲೆ ಉಸಿರು ಮಂಜಾಗಿ ಕೂರುವುದು, ಹಿಂಚಕ್ರದೊಳಗಿನ ಗ್ರೀಸು ಗಟ್ಟಿಯಾಗಿ ಪೆಡಲು ಸುಮ್ಮನೆ ಗಿರಕಿ ಹೊಡೆಯುವುದು, ಇಂಥ ಸಣ್ಣಪುಟ್ಟ ಕಷ್ಟಗಳು ದಿನವೂ ಇದ್ದವು. ತೋಳ ಒಂದು ದಿನವೂ ಬರಲಿಲ್ಲ.

ಬಂದದ್ದು ಹಿಮ ಸರಿಸುವ ಗಾಡಿ. ನಸುಕಿನಲ್ಲಿ, ಜನ ಏಳುವ ಮೊದಲು. ಅಲ್ಲಿ ಸೈಕಲ್ಲಿನ ದಾರಿಗಳು ಒಂಬೈನೂರು ಕಿಲೋಮೀಟರಿಗೂ ಹೆಚ್ಚು. ಬಹುಪಾಲು ಕಾರಿನ ರಸ್ತೆಯಿಂದ ಬೇರೆಯಾಗಿಯೇ ಸಾಗಿ, ದೊಡ್ಡ ರಸ್ತೆ ಅಡ್ಡ ಬಂದೆಡೆ ಅದರ ಅಡಿಯಿಂದ ನುಸುಳುತ್ತವೆ. ಗಾಡಿ ಹಿಮವನ್ನು ನೆಲ ಕಾಣುವಂತೆ ಕೆರೆದು ತೆಗೆಯುವುದಿಲ್ಲ. ಸಡಿಲ ಹಿಮವನ್ನು ಸರಿಸಿ, ಉಳಿದದ್ದನ್ನು ಒತ್ತಿ, ಮೇಲೆ ಗೀರು ಹಾಕಿ ಹೋಗುತ್ತದೆ. ಜಾರುವಲ್ಲಿ ಜಲ್ಲಿಯ ಚೂರು ಚೆಲ್ಲುತ್ತದೆ. ಆ ಗೀರುಗಳನ್ನು ಕಂಡಾಗಲೆಲ್ಲ ನನಗೆ ಬಾಗಿಲ ಮುಂದೆ ಆಗತಾನೆ ಗುಡಿಸಿ ಹೋದ ಪೊರಕೆಯ ಗುರುತು ನೆನಪಾಗುತ್ತಿತ್ತು. ಹಿಮದಲ್ಲಿ ಸೈಕಲ್ ತುಳಿಯುವವನ ಅರ್ಧ ಧೈರ್ಯ ಈ ಗಾಡಿಯ ಚಾಲಕನದು. ಯಾವ ವೀರಗಾಥೆಯಲ್ಲಿ ಅವನ ಹೆಸರಿದೆ?

ಇದಕ್ಕಾಗಿಯೇ ಇನ್ನೊಂದು ಪುಸ್ತಕದ ಮಾತೆತ್ತುತ್ತೇನೆ. ಕೆನಡಾದ ಕ್ಯಾಲ್ಗರಿಯ ಪತ್ರಕರ್ತ ಟಾಮ್ ಬ್ಯಾಬಿನ್ ಬರೆದ ‘ಫ್ರಾಸ್ಟ್‌ಬೈಕ್’ (2014). ಚಳಿಗಾಲದಲ್ಲೂ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವನೊಬ್ಬ, ತಾನು ಹುಚ್ಚನೋ ಲೋಕ ಹುಚ್ಚೋ ಎಂದು ವಿಚಾರಿಸಹೊರಟ ಪುಸ್ತಕ ಇದು. ಶೈಲಿಯಲ್ಲಿ ಮರ್ಫಿಯವರ ಹತ್ತಿರಕ್ಕೂ ಬಾರದು. ಪತ್ರಿಕೆಯ ಅಂಕಣದ ನಗೆಚಾಟಿಕೆ ಜಾಸ್ತಿ. ಉಡುಪು, ಸಲಕರಣೆಗಳ ಮಾತು ಕೆಲವೆಡೆ ಅಂಗಡಿಯ ಪಟ್ಟಿಯನ್ನು ನೆನಪಿಗೆ ತರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಈತ ಕೇಳುತ್ತಾನೆ. ಕ್ಯಾಲ್ಗರಿಯೂ ಚಳಿಯ ಊರು, ಔಲುವೂ ಚಳಿಯ ಊರು. ಅಲ್ಲಿ ವಿಚಿತ್ರವಾದದ್ದು ಇಲ್ಲಿ ಸಾಮಾನ್ಯವಾದದ್ದು ಹೇಗೆ? ಚಳಿಗಾಲದ ಸೈಕಲ್ ಸವಾರಿಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು 2013ರಲ್ಲಿ ಔಲುವಿನಲ್ಲೇ. ಅಲ್ಲಿ ಕಂಡದ್ದು ಬ್ಯಾಬಿನ್ನನ ವಾದಕ್ಕೆ ಬೆನ್ನೆಲುಬು. ಸವಾರನ ಎದೆಗಾರಿಕೆಯಿಂದ ಕಣ್ಣು ತೆಗೆದು ಅವನ ಚಕ್ರದ ಕೆಳಗಿನ ದಾರಿಯ ಮೇಲೆ ಇಟ್ಟದ್ದು ಈ ಪುಸ್ತಕದ ಹೆಚ್ಚುಗಾರಿಕೆ. ಗದ್ಯ ಸಪ್ಪೆಯಾದರೂ ಕಣ್ಣು ಸರಿಯಾಗಿದೆ.

ನಮ್ಮ ಅಲಂಕಾರಶಾಸ್ತ್ರ ಬಲ್ಲವರಿಗೆ ಇಲ್ಲೊಂದು ತೊಡಕು ಹೊಳೆದೀತು. ವೀರಕ್ಕೆ ಸ್ಥಾಯಿ ಉತ್ಸಾಹ. ಡಂಕರ್ಕಿನಲ್ಲಿ ಹೊರಟವರಲ್ಲಿ ಉತ್ಸಾಹವಿತ್ತು, ರಸ ಹುಟ್ಟಿತು. ಆದರೆ ಔಲುವಿನ ಬೀದಿಯಲ್ಲಿ ನೂರನೆಯ ಬೆಳಿಗ್ಗೆ ಅದೇ ತಿರುವಿನಲ್ಲಿ ಅದೇ ಬ್ರೇಕು ಒತ್ತುವವಳಲ್ಲಿ ಯಾವ ಸ್ಥಾಯಿ? ಉತ್ಸಾಹವಲ್ಲ, ಭಯವಲ್ಲ, ಶಮವೂ ಅಲ್ಲ. ಅದು ರೂಢಿ. ರೂಢಿಗೆ ಭರತ ರಸ ಹೇಳಿಲ್ಲ. ಹಾಗಾದರೆ ಅದನ್ನು ಬರೆಯಲಾಗದೆ? ಆಗುತ್ತದೆ, ಆದರೆ ಕಾವ್ಯದ ದಾರಿಯಿಂದಲ್ಲ, ಪ್ರಬಂಧದ ದಾರಿಯಿಂದ. ದೋಸೆ, ಕೊಡೆ, ಹಜಾಮತಿ ಎಲ್ಲವನ್ನೂ ತನ್ನದಾಗಿಸಿಕೊಂಡ ಲಲಿತಪ್ರಬಂಧಕ್ಕೆ ಇದು ಭಾರವಾಗದು. ಬ್ಯಾಬಿನ್ನನಿಗೆ ಆ ಹದ ಸಿಕ್ಕಿಲ್ಲ, ಮರ್ಫಿಯವರಿಗೆ ಅದು ಬೇಕಿರಲಿಲ್ಲ. 1976ರಲ್ಲಿ ಅವರು ಪುಟ್ಟ ಮಗಳೊಡನೆ ನಮ್ಮ ಕೊಡಗಿನಲ್ಲಿ ನೆಲೆನಿಂತ ದಿನಗಳನ್ನು ಕುರಿತು ‘ಆನ್ ಎ ಷೂಸ್ಟ್ರಿಂಗ್ ಟು ಕೂರ್ಗ್’ ಪ್ರಕಟಿಸಿದರು. ಅದರಲ್ಲಿ ದಿನನಿತ್ಯದ ಬದುಕಿಗೆ ಅವರ ಕಿವಿ ಎಷ್ಟು ಚುರುಕು ಎಂಬುದು ಗೊತ್ತಾಗುತ್ತದೆ. ಆ ಕಿವಿಗೆ ಹಿಮದ ಕಿರಕಿರ ಕೇಳಿಸಿದ್ದರೆ ಎಂದು ಆಸೆಯಾಗುತ್ತದೆ. ಅವರು 2022ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಕನ್ನಡದಲ್ಲಿ ಬರೆಯಹೊರಟರೆ ಮೊದಲು ಎಡವುವುದು ಮಾತಿನ ಮೇಲೆ. ಹಿಮ ಎಂದೊಡನೆ ನಮಗೆ ಕೈಲಾಸ ಕಾಣುತ್ತದೆ, ಶಿವನ ಜಡೆ ಕಾಣುತ್ತದೆ. ಆ ಮಾತನ್ನು ಚರಂಡಿಯ ಪಕ್ಕ ಕಪ್ಪಗೆ ಗುಡ್ಡೆ ಬಿದ್ದದ್ದಕ್ಕೆ ಹೇಗೆ ಅಂಟಿಸುವುದು? ಮಂಜು ಎಂದರೆ ಮಡಿಕೇರಿಯ ಬೆಳಗು. ಕರಗಿ, ಉಪ್ಪು ಮಣ್ಣು ಬೆರೆತು, ಅಂಬಲಿಯಂತೆ ಪ್ಯಾಂಟಿನ ಮೇಲೆ ಎರಚುವ ಆ ಪದಾರ್ಥಕ್ಕೆ ಫಿನ್ನರಲ್ಲಿ ‘ಲೋಸ್ಕಾ’ ಎಂಬ ಗಟ್ಟಿ ಮಾತಿದೆ. ನಮ್ಮಲ್ಲಿಲ್ಲ. ಮಗಳ ಮನೆಯಲ್ಲಿ ಅದಕ್ಕೆ ‘ರಾಡಿ’ ಎನ್ನುತ್ತಾರೆ. ಕೇಳಿದಾಗ ನಗು ಬಂತು. ಎರಡು ದಿನಗಳ ಮೇಲೆ ನಾನೂ ಅದನ್ನೇ ಅನ್ನತೊಡಗಿದೆ.

ಹಿಮವಿಲ್ಲದ ನಾಡಿನ ನಮಗೆ ಇದರಿಂದೇನು ಎನ್ನುವವರಿಗೆ ಒಂದು ಮಾತು. 1960ರ ದಶಕದ ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆಯುದ್ದಕ್ಕೂ ಸೈಕಲ್ಲುಗಳು ಹರಿಯುತ್ತಿದ್ದವು. ಮಳೆಗಾಲದಲ್ಲೂ ಹರಿಯುತ್ತಿದ್ದವು, ತಲೆಗೆ ಗೋಣಿಯ ಕೊಪ್ಪೆ, ಊಟದ ಡಬ್ಬಿ ಹಿಡಿಗೆ ನೇತುಬಿದ್ದಿರುತ್ತಿತ್ತು. ಆ ಮಳೆಯ ಸವಾರಿಯನ್ನು ಕುರಿತು ಒಂದು ಒಳ್ಳೆಯ ಪುಟವನ್ನು ನಾನು ಕನ್ನಡದಲ್ಲಿ ಇನ್ನೂ ಓದಿಲ್ಲ. ಅವರನ್ನು ಪಾಪ ಎಂದು ಮರುಗಿದ ಕಥೆಗಳುಂಟು. ಮರುಕವೂ ಚಪ್ಪಾಳೆಯ ಹಾಗೆಯೇ. ಎರಡರಲ್ಲೂ ನೋಡುವವನು ದೂರ ನಿಂತಿರುತ್ತಾನೆ. ಮಳೆಯಲ್ಲಿ ಬ್ರೇಕಿನ ರಬ್ಬರು ಹಿಡಿಯದೆ ಹೋದಾಗ ಕಾಲನ್ನು ಎಲ್ಲಿ ಊರಬೇಕೆಂಬುದು ಇಬ್ಬರಿಗೂ ತಿಳಿಯದು.

ಹೊರದೇಶದ ಚಳಿ ಊರುಗಳಲ್ಲಿ ಈಗ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅವರು ಬರೆಯುವ ಪ್ರವಾಸಕಥನಗಳಲ್ಲಿ ಹಿಮ ಸಾಮಾನ್ಯವಾಗಿ ಕಿಟಕಿಯ ಆಚೆ ಇರುತ್ತದೆ, ಕೈಯಲ್ಲಿ ಕಾಫಿ ಇರುತ್ತದೆ. ಕಾಫಿಯ ಬಗೆಗೆ ನನ್ನ ತಕರಾರಿಲ್ಲ. ಆದರೆ ಅವರಲ್ಲಿ ಕೆಲವರಾದರೂ ಬೆಳಿಗ್ಗೆ ಬೀಗಕ್ಕೆ ಉಸಿರು ಊದಿ ಸೈಕಲ್ಲಿನ ಸರಪಳಿ ಬಿಚ್ಚುವವರು. ಮಗಳಿಗೆ ಬರೆಯೆಂದು ಹೇಳಿ ನೋಡಿದೆ. “ಇದರಲ್ಲಿ ಬರೆಯೋಕೆ ಏನಿದೆ ಅಪ್ಪ?” ಎಂದಳು. ಆಗ ಮಾರ್ಚಿ ತಿಂಗಳು. ಮೊಳೆಯ ಟೈರು ಬಿಚ್ಚಿ ಬೇಸಗೆಯ ಟೈರು ಹಾಕಲು ಇನ್ನೂ ಒಂದು ತಿಂಗಳು ಇತ್ತು, ಹೊರಗೆ ರಾಡಿ ಶುರುವಾಗಿತ್ತು.