ಬಾಡಿಗೆ ಬೋರ್ಡಿಗೊಂದು ವಿಮರ್ಶೆ

ಕತೆ, ಕವನ, ಕಾದಂಬರಿಗಳಿಗೆ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನಿಲ್ಲಿ ಎತ್ತಿಕೊಂಡಿರೋದು ಆರೇ ಪದಗಳ ಒಂದು ಬರಹವನ್ನು. ದಾವಣಗೆರೆಯ ಒಂದು ಬಡಾವಣೆಯಲ್ಲಿ ಕಬ್ಬಿಣದ ಗೇಟಿಗೆ ತಂತಿಯಿಂದ ಕಟ್ಟಿದ ತಗಡಿನ ಮೇಲೆ ಅದಿತ್ತು: ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ.’

ಬರೆದವರ ಹೆಸರಿಲ್ಲ, ಪ್ರಕಾಶಕರಿಲ್ಲ, ಮುನ್ನುಡಿ ಇಲ್ಲ. ಆದರೆ ನಮ್ಮ ಎಷ್ಟೋ ಕವನ ಸಂಕಲನಗಳಿಗಿಂತ ಹೆಚ್ಚು ಓದುಗರು ಇದಕ್ಕಿದ್ದಾರೆ. ಓದಿದವರ ಬದುಕನ್ನು ಬದಲಿಸೋ ಶಕ್ತಿಯೂ ಇದಕ್ಕಿದೆ. ಅಂಥ ಬರಹವನ್ನು ವಿಮರ್ಶಕರು ಮುಟ್ಟದೆ ಬಿಟ್ಟಿರೋದು ಯಾಕೆ?

ನಾನು ಹರಿಹರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದವನು. ಮಗಳು ಕಾಲೇಜು ಸೇರಿದಳು, ಮಗ ಹೈಸ್ಕೂಲಿಗೆ ಬಂದ. ದಾವಣಗೆರೆಗೆ ಸಂಸಾರ ಎತ್ತೋಣ ಅಂತ ಆಯ್ತು. ಹತ್ತಿ ಗಿರಣಿಗಳ ಊರು ಈಗ ಕಾಲೇಜುಗಳ ಊರು. 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು, 1997ರಲ್ಲಿ ಜಿಲ್ಲಾ ಕೇಂದ್ರ, 2007ರಲ್ಲಿ ಮಹಾನಗರ ಪಾಲಿಕೆ, 2009ರಲ್ಲಿ ವಿಶ್ವವಿದ್ಯಾಲಯ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಮಕ್ಕಳ ಓದಿಗಾಗಿ ಬರೋ ಸಂಸಾರಗಳಿಗೆ ಇದೇ ದೊಡ್ಡ ಪಟ್ಟಣ, ಇದೇ ದುಬಾರಿ ಪಟ್ಟಣ. ಅಡ್ವಾನ್ಸ್ ದುಡ್ಡಿಗೆ ಸೊಸೈಟಿಯಲ್ಲಿ ಸಾಲ ಮಾಡಿಕೊಂಡು ನಾವೂ ಹೊರಟೆವು.

ಬ್ರೋಕರ್ ಒಳ್ಳೆಯವನೇ. ‘ಮೇಷ್ಟ್ರೇ, ಫ್ಯಾಮಿಲಿ ಅಂದ್ಮ್ಯಾಲೆ ಒಳ್ಳೆ ಏರಿಯಾದಾಗೇ ನೋಡ್ಬೇಕ್ರಿ’ ಅಂದ. ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ‘ಬಿ’ ಬ್ಲಾಕ್ ಅನ್ನುವಾಗ ಅವನ ದನಿ ಏರುತ್ತಿತ್ತು. ಗಾಂಧಿನಗರ, ಆಜಾದ್ ನಗರ, ಭಾಷಾ ನಗರ ಅನ್ನುವಾಗ ಇಳಿಯುತ್ತಿತ್ತು. ಯಾಕೆ ಅಂದೆ. ‘ನಿಮಗೆ ತಿಳೀದೇನ್ರಿ’ ಅಂದ. ತಿಳಿಯದೆ ಏನು? ಹಳ್ಳಿಯಲ್ಲಿ ಊರು, ಕೇರಿ ಅಂತಿದ್ದುದನ್ನು ಇಲ್ಲಿ ಒಳ್ಳೆ ಏರಿಯಾ, ಕೆಟ್ಟ ಏರಿಯಾ ಅಂತಾರೆ, ಅಷ್ಟೇ.

ಹನ್ನೊಂದು ಮನೆ ನೋಡಿದೆವು. ಯಾರೂ ಜಾತಿ ಕೇಳಲಿಲ್ಲ, ಎಲ್ಲರೂ ಸುಸಂಸ್ಕೃತರು. ‘ನೀವು ಯಾವ ಪೈಕಿ?’ ಅಂದರು. ‘ಮನೆದೇವ್ರು ಯಾವ್ದು?’ ಅಂದರು. ಒಬ್ಬ ಅಜ್ಜಿ ನನ್ನ ಹೆಂಡತಿಗೆ ಮಂಡಕ್ಕಿ ಕೊಟ್ಟು, ಮಕ್ಕಳ ಓದು ವಿಚಾರಿಸಿ, ಕೊನೆಗೆ ನಮ್ಮ ಪೈಕಿ ಯಾವುದು ಅಂತ ತಿಳಿದ ಮೇಲೆ, ‘ಮಗ ಬೆಂಗ್ಳೂರಿಂದ ಬರ್ತಾನಂತೆ ಕಣಮ್ಮ, ಮನೆ ಅವ್ನಿಗೇ ಬೇಕಂತೆ’ ಅಂದಳು. ತಿಂಗಳಾದ ಮೇಲೆ ಆ ಬೀದಿಯಲ್ಲಿ ಹೋದೆ. ಮಗ ಬಂದಿರಲಿಲ್ಲ, ಬೋರ್ಡು ಅಲ್ಲೇ ಇತ್ತು.

ಈಗ ಬೋರ್ಡಿನ ಭಾಷೆ ನೋಡೋಣ. ಮೊದಲು ‘ಸಸ್ಯಾಹಾರಿ’. ಸೊಪ್ಪು ತಿನ್ನೋರ ಮೇಲೆ ನಮಗೆ ತಕರಾರಿಲ್ಲ. ಆದರೆ ಈ ಪದ ನಿಜವಾಗಿ ಊಟದ ಮಾತಾಗಿದ್ದರೆ, ‘ನಾವು ಮನೇಲಿ ಮಾಡಲ್ಲ’ ಅಂದ ಕೂಡಲೇ ವಿಚಾರಣೆ ಮುಗೀಬೇಕಿತ್ತು. ಎರಡು ಕಡೆ ಹಾಗೇ ಅಂದು ನೋಡಿದೆ. ಮರುಕ್ಷಣದಲ್ಲೇ ‘ಯಾವ ಪೈಕಿ’ ಬಂತು. ಅಂದರೆ ಅವರಿಗೆ ಬೇಕಿದ್ದದ್ದು ನಮ್ಮ ಒಲೆಯ ಮೇಲೆ ಏನು ಬೇಯುತ್ತೆ ಅನ್ನೋದಲ್ಲ, ಒಲೆ ಯಾರದು ಅನ್ನೋದು.

ಎರಡನೆಯದು ‘ಕುಟುಂಬ’. ಗಂಡ, ಹೆಂಡತಿ, ಓದೋ ಇಬ್ಬರು ಮಕ್ಕಳು. ಇದು ಕುಟುಂಬ ಅಲ್ಲದೆ ಮತ್ತೇನು? ನನ್ನ ಪರಿಚಯದ ನರ್ಸ್ ಒಬ್ಬಾಕೆ ಗಂಡನನ್ನು ಬಿಟ್ಟು ಮಗು ಕಟ್ಟಿಕೊಂಡು ದುಡೀತಾಳೆ. ಅವಳೂ ಇದೇ ಪದದ ಮುಂದೆ ನಿಂತು ವಾಪಸ್ಸು ಬಂದಳು. ಜಾತಿಯ ಗೆರೆ ದಾಟದ, ಹೆಣ್ಣನ್ನು ಹೊಸಿಲೊಳಗೆ ಇಟ್ಟುಕೊಂಡ ಮನೆತನವೇ ಇವರ ‘ಕುಟುಂಬ’. ಮೂರನೆಯದು ‘ಮಾತ್ರ’. ಇದಕ್ಕೆ ವ್ಯಾಖ್ಯಾನ ಬೇಡ, ಅದು ಬೇಲಿ.

ಈ ಬರಹದ ಕಲೆಗಾರಿಕೆ ಇರೋದು ಅದು ಬಿಟ್ಟ ಪದದಲ್ಲಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರ ಕಾಯಿದೆ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅನ್ನೋದು, ತನ್ನ 4ನೇ ಕಲಮಿನಲ್ಲಿ ಇನ್ನೂ ಬಿಡಿಸಿ ಹೇಳುತ್ತದೆ: ಯಾವುದೇ ಪ್ರದೇಶದಲ್ಲಿ ಮನೆ ಕಟ್ಟೋದಕ್ಕಾಗಲಿ, ಪಡೆಯೋದಕ್ಕಾಗಲಿ, ವಾಸ ಮಾಡೋದಕ್ಕಾಗಲಿ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ನಮ್ಮ ಎಷ್ಟು ಮೇಷ್ಟ್ರುಗಳಿಗೆ ಇದು ಗೊತ್ತು? ಬೋರ್ಡು ಬರೆದವರಿಗೆ ಮಾತ್ರ ಚೆನ್ನಾಗಿ ಗೊತ್ತಿದ್ದ ಹಾಗಿದೆ. ಅದಕ್ಕೇ ಜಾತಿ ಬರೆಯೋ ಜಾಗದಲ್ಲಿ ಊಟ ಬರೆದಿದ್ದಾರೆ. ಕಾನೂನಿಗೆ ಸಾಕ್ಷಿ ಬೇಕು. ‘ಮಗ ಬರ್ತಾನೆ’ ಅನ್ನೋ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?

ಈ ನೆಪದ ಸಾಹಿತ್ಯ ಇವತ್ತಿನದಲ್ಲ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ಆ ಊರಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬ ಹಿಂದೂ, ನೀನು ಬಂದರೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಕ್ರೈಸ್ತ, ಹೆಂಡತಿ ಊರಿಂದ ಬರಲಿ, ಕೇಳಿ ಹೇಳ್ತೀನಿ ಅಂದ. ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ಅವರು ಬೊಂಬಾಯಿ ರೈಲು ಹತ್ತಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ನೂರು ವರ್ಷ ದಾಟಿತು. ಆಗ ಹೆಂಡತಿ ಊರಿಂದ ಬರಬೇಕಿತ್ತು, ಈಗ ಮಗ ಬೆಂಗಳೂರಿಂದ ಬರಬೇಕು.

1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಹಳ್ಳಿಯ ವೈಭವೀಕರಣವನ್ನು ಕಟುವಾಗಿ ಟೀಕಿಸಿದವರೂ ಅವರೇ. ಹಳ್ಳಿ ಬಿಟ್ಟು ಹೊರಡಿ ಅಂದರು, ಹೊರಟೆವು. ಅದು ಸರಿಯಾದ ದಾರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಟ್ಟಣಕ್ಕೆ ಹೋದ ಮಾತ್ರಕ್ಕೆ ಕೇರಿ ಕರಗಲಿಲ್ಲ. 2001ರ ಜನಗಣತಿಯ ವಾರ್ಡುವಾರು ಲೆಕ್ಕ ಹಿಡಿದು ಬೆಂಗಳೂರೂ ಸೇರಿ ದೇಶದ ಏಳು ದೊಡ್ಡ ನಗರಗಳನ್ನು ನೋಡಿದ ತ್ರಿನಾ ವಿತಯತಿಲ್ ಮತ್ತು ಗಾಯತ್ರಿ ಸಿಂಗ್ 2012ರಲ್ಲಿ ಒಂದು ಮಾತು ತೋರಿಸಿಕೊಟ್ಟರು: ಜನ ಬೇರೆ ಬೇರೆ ಬೀಡು ಬಿಟ್ಟಿರೋದರಲ್ಲಿ ಬಡವ ಬಲ್ಲಿದ ಭೇದಕ್ಕಿಂತ ಜಾತಿಯ ಭೇದವೇ ಹೆಚ್ಚು. ದುಡ್ಡಿದ್ದರೆ ಎಲ್ಲೂ ಮನೆ ಸಿಗುತ್ತೆ ಅನ್ನೋರು ಇದನ್ನು ಗಮನಿಸಬೇಕು.

ಸಾಹಿತ್ಯದ ಕಡೆ ಬರ್ತೀನಿ. ನವ್ಯದ ಎಷ್ಟೋ ಕತೆಗಳಲ್ಲಿ ಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಬ್ಬ ಒಂಟಿಯಾಗಿ ಕೂತು ನರಳುತ್ತಾನೆ. ಅವನ ಅನಾಥಪ್ರಜ್ಞೆ ಬಗ್ಗೆ ಪುಟಗಟ್ಟಲೆ ಬರೆದಾಯಿತು. ಆ ಕೋಣೆ ಅವನಿಗೆ ಸಿಕ್ಕಿದ್ದು ಹೇಗೆ ಅಂತ ಯಾವ ವಿಮರ್ಶಕನಾದರೂ ಕೇಳಿದನೇ? ನಾವು ಮಾಡಿದ್ದೇನು? ಸಿದ್ಧಲಿಂಗಯ್ಯನವರು ಆತ್ಮಕತೆಗೆ ‘ಊರುಕೇರಿ’ ಅಂತ ಹೆಸರಿಟ್ಟು ಎರಡನ್ನೂ ಒಂದೇ ಪದದಲ್ಲಿ ನಿಲ್ಲಿಸಿದರು. ದೇವನೂರರ ‘ಒಡಲಾಳ’ ಕೇರಿಯ ಮನೆಯೊಳಕ್ಕೆ ನಮ್ಮನ್ನು ಕರಕೊಂಡು ಹೋಯಿತು. ಬಾವಿ, ಗುಡಿ, ಹೋಟೆಲಿನ ಲೋಟ ಎಲ್ಲ ನಮ್ಮ ಬರಹಕ್ಕೆ ಬಂದವು. ಆದರೆ ಸಂಬಳ ಎಣಿಸಿ ‘ಒಳ್ಳೆ ಏರಿಯಾ’ ಹುಡುಕೋ ದಲಿತ ನೌಕರನ ಬಾಡಿಗೆ ಮನೆ ಅಷ್ಟಾಗಿ ಬರಲಿಲ್ಲ. ಯಾಕೆಂದರೆ ಅಲ್ಲಿ ಬರೀ ಅವಮಾನ ಇಲ್ಲ, ನಮ್ಮ ಸುಳ್ಳೂ ಇದೆ.

ನನ್ನ ಸುಳ್ಳನ್ನೇ ಹೇಳ್ತೀನಿ. ಹನ್ನೆರಡನೇ ಮನೆಗೆ ಬೇರೆ ಜಾತಿ ಹೇಳಿದೆ. ಮನೆ ಸಿಕ್ಕಿತು. ಎಂಟು ತಿಂಗಳು ಇದ್ದೆವು. ಒಣಮೀನಿನ ಡಬ್ಬಿ ಊರಲ್ಲೇ ಉಳಿಯಿತು. ಮೊಟ್ಟೆ ಬೇಯಿಸುವಾಗ ಮಗ ತಾನಾಗೇ ಹೋಗಿ ಕಿಟಕಿ ಹಾಕಿ ಬರುತ್ತಿದ್ದ. ನಾನು ಹೇಳಿಕೊಟ್ಟಿರಲಿಲ್ಲ. ಬಾಬಾಸಾಹೇಬರ ಪಟ ಟ್ರಂಕಿನೊಳಗಿತ್ತು. ಹಳ್ಳಿಯಲ್ಲಿ ಭಾಷಣ ಮಾಡುತ್ತಿದ್ದವನು ಪಟ್ಟಣದಲ್ಲಿ ಅವರನ್ನು ಸೀರೆಯಡಿ ಮುಚ್ಚಿಟ್ಟಿದ್ದೆ. ಏಪ್ರಿಲ್ 14ರ ಬೆಳಿಗ್ಗೆ ಮಗಳು ಟ್ರಂಕು ತೆಗೆದು, ಪಟ ಒರೆಸಿ, ನಡುಮನೆಯಲ್ಲಿ ಮೊಳೆ ಹೊಡೆದಳು. ‘ಅಪ್ಪಾಜಿ, ಮನೆ ಬಿಡಿಸಿದ್ರೆ ಬಿಡಿಸ್ಲಿ’ ಅಂದಳು. ಬಿಡಿಸಿದರು. ಆ ತಿಂಗಳ ಕೊನೆಗೆ ಸಾಮಾನು ಲಾರಿಗೆ ಹಾಕಿದೆವು.

ಇನ್ನೊಂದು ಸತ್ಯವೂ ಹೇಳಬೇಕು. ಮೊದಲೇ ಆಜಾದ್ ನಗರದಲ್ಲಿ ಒಂದು ಮನೆ ಇತ್ತು, ಬಾಡಿಗೆಯೂ ಕಡಿಮೆ. ಬೇಡ ಅಂದವನು ನಾನೇ. ನನ್ನನ್ನು ಗೇಟಿನಿಂದ ಕಳಿಸಿದವರ ಮನಸ್ಸು ನನ್ನೊಳಗೂ ಒಂದು ಮೂಲೆಯಲ್ಲಿ ಬಾಡಿಗೆಗಿತ್ತು. ಅದನ್ನು ಖಾಲಿ ಮಾಡಿಸದೆ ಬಂಡಾಯದ ಮಾತಾಡೋದು ಹೇಗೆ?

ಈಗ ಬ್ರೋಕರ್ ದನಿ ಇಳಿಸುವಂಥ ಕಡೆಯೇ ಇದ್ದೇವೆ. ಇದನ್ನು ಸ್ವರ್ಗ ಅಂತ ಬರೆದರೆ ಅದೂ ಸುಳ್ಳಾಗುತ್ತೆ. ಮಳೆ ಬಂದರೆ ಚರಂಡಿ ಬೀದಿಗೆ ಬರುತ್ತೆ, ಕಸದ ಗಾಡಿ ಮನಸ್ಸು ಬಂದಾಗ ಬರುತ್ತೆ. ಹರಿಹರದ ಪಕ್ಕ ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯ ನೀರು ಊರಿಗೆ ಬರುತ್ತೆ, ಆದರೆ ನಮ್ಮ ಬೀದಿಯ ನಳದಲ್ಲಿ ಅದು ಬರೋದು ಸಣ್ಣಗೆ. ಚರಂಡಿ ಕಟ್ಟದೆ, ದೀಪ ಹಾಕದೆ ಬಿಟ್ಟು, ಆಮೇಲೆ ಅದನ್ನೇ ‘ಕೆಟ್ಟ ಏರಿಯಾ’ ಅನ್ನೋದು ಯಾವ ನ್ಯಾಯ? ಆದರೆ ನಾವು ಬರೋದು ತಡವಾದರೆ ಪಕ್ಕದ ಆಟೋ ಡ್ರೈವರ್ ಹೆಂಡತಿ ನನ್ನ ಮಗನಿಗೆ ಉಣ್ಣೋಕೆ ಇಡ್ತಾಳೆ. ಅವನೀಗ ಕಿಟಕಿ ಹಾಕೋದಿಲ್ಲ. ಸಂಸಾರಕ್ಕೆ ಒಳ್ಳೆಯ ಜಾಗ ಯಾವುದು ಅಂತ ಕೇಳೋರು ಶಾಲೆ, ಆಸ್ಪತ್ರೆ, ನೀರು, ಬಸ್ಸು ನೋಡಲೇಬೇಕು. ಜೊತೆಗೆ ಇದನ್ನೂ ಕೇಳಿಕೊಳ್ಳಿ: ಆ ಮನೆಯಲ್ಲಿ ಮಕ್ಕಳು ತಮ್ಮ ಅಪ್ಪ ಅಮ್ಮ ಯಾರು ಅಂತ ಬಾಯಿಬಿಟ್ಟು ಹೇಳಬಹುದೇ?

ಹಿಂದೆ ದುಡಿಮೆಯಿಂದಲೇ ಸೂರು ಸಿಗೋ ದಾರಿ ಸ್ವಲ್ಪವಾದರೂ ಇತ್ತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಯಂತ್ರಪುರ ಬೆಳೆಯಿತು. ಕಾರ್ಖಾನೆ ಕ್ವಾರ್ಟರ್ಸು ಅನ್ನೋದರಲ್ಲಿ ದರ್ಜೆಯ ಭೇದ ಇದ್ದರೂ ಮನೆದೇವರ ವಿಚಾರಣೆ ಇರಲಿಲ್ಲ. ದಾವಣಗೆರೆ ಗಿರಣಿ ಕಾರ್ಮಿಕರು ಸಿಪಿಐನ ಪಂಪಾಪತಿಯವರನ್ನು 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸುವಷ್ಟು ಗಟ್ಟಿಯಾಗಿದ್ದರು. ಭಗತ್ ಸಿಂಗ್ ನಗರ, ಲೆನಿನ್ ನಗರ ಅನ್ನೋ ಹೆಸರುಗಳು ಇನ್ನೂ ಇವೆ. ಗಿರಣಿ ನಿಂತವು, ಕಾರ್ಖಾನೆ ಮುಚ್ಚಿತು. ಈಗ ಮನೆ ಕೊಡೋದು ಮಾರುಕಟ್ಟೆ ಮಾತ್ರ, ಅದರ ಬಾಗಿಲಲ್ಲಿ ಜಾತಿ ಕೂತಿದೆ.

1938ರಲ್ಲಿ ಇದೇ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದ ಕನ್ನಡ ಮೇಷ್ಟ್ರು. ಅವರ ದಾರಿಯ ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಮನೆ ಇಲ್ಲ ಅಂದವರ ನೆಪವನ್ನು ಅವರ ಮಾತಲ್ಲೇ, ತಾರೀಖು ಹಾಕಿ, ಜೊತೆಗಿದ್ದವರ ಸಹಿ ಹಾಕಿಸಿ ಬರೆದಿಡಿ. ಬೋರ್ಡಿನ ಫೋಟೋ ತೆಗೆಯಿರಿ. ಒಬ್ಬನ ನೆಪ ಸಾಕ್ಷಿಯಾಗದೆ ಇರಬಹುದು, ಒಂದೇ ಬೀದಿಯ ಇಪ್ಪತ್ತು ನೆಪ ಸುಮ್ಮನೆ ಕೂರೋದಿಲ್ಲ. ಅವನ್ನು ಒಟ್ಟಿಗೆ ಹಿಡಿದು ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯದ ಬಾಗಿಲಿಗೆ ಹೋಗೋಣ. ಮೊದಲ ಹಾಳೆ ನಾನು ಕೊಡ್ತೀನಿ. ಅದರಲ್ಲಿ ಹನ್ನೊಂದು ಮನೆಗಳ ನೆಪ ಇದೆ, ಹನ್ನೆರಡನೆಯದರ ಎದುರು ನನ್ನ ಸುಳ್ಳೂ ಇದೆ.