ಪೆಂಡಾಲಿನಲ್ಲಿ ಕೇಳುವವರ ಸರದಿ

ತೇರದಾಳ, ರಬಕವಿ-ಬನಹಟ್ಟಿ, ಮಹಾಲಿಂಗಪುರ, ಮುಧೋಳ, ಜಮಖಂಡಿಗಳ ಸುತ್ತ ನಡೆಯುವ ಕಂಪನಿ ಕಾರ್ಯಕ್ರಮಗಳಿಗೆ ಈಗ ಒಂದೇ ಅಚ್ಚು ಬಂದುಬಿಟ್ಟಿದೆ. ಬೀಜದ ಕಂಪನಿಯ ಡೀಲರ್ ಮೀಟ್ ಇರಲಿ, ಹನಿ ನೀರಾವರಿಯವರ ರೈತ ಸಮಾವೇಶ ಇರಲಿ, ಟ್ರ್ಯಾಕ್ಟರಿನ ಹೊಸ ಮಾಡೆಲ್ ಬಿಡುಗಡೆ ಇರಲಿ, ಕಬ್ಬು ಬೆಳೆಗಾರರ ವಿಚಾರ ಸಂಕಿರಣವೇ ಇರಲಿ, ಕಲ್ಯಾಣ ಮಂಟಪದ ಬಾಗಿಲಲ್ಲಿ ಡೊಳ್ಳು, ಒಳಗೆ ಎಲ್‌ಇಡಿ ಪರದೆ, ಮೂಲೆಯಲ್ಲಿ ಸೆಲ್ಫಿ ಪಾಯಿಂಟು. ದೀಪ ಬೆಳಗಿದ ಮೇಲೆ ಸ್ವಾಗತ, ಸನ್ಮಾನ, ಕಂಪನಿಯ ವಿಡಿಯೊ, ಎರಡು ಸಿನಿಮಾ ಹಾಡು, ಮೇಲಧಿಕಾರಿಯ ಭಾಷಣ, ಹಾಸ್ಯ ಕಲಾವಿದರ ಅರ್ಧ ತಾಸು, ಲಕ್ಕಿ ಡ್ರಾ, ವಂದನಾರ್ಪಣೆ. ಆಮೇಲೆ ಊಟ. ಊಟಕ್ಕೆ ಮುಂಚೆ ಹತ್ತು ನಿಮಿಷ ಉಳಿದರೆ ‘ಸಂವಾದ’ ಎಂಬ ಹೆಸರಿನಲ್ಲಿ ಮೈಕು ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಆ ಹತ್ತು ನಿಮಿಷ ಉಳಿಯುವುದಿಲ್ಲ.

ಇದಕ್ಕೆ ಖರ್ಚು ಹೆಚ್ಚು ಎಂಬುದು ನನ್ನ ತಕರಾರಲ್ಲ. ಜನರನ್ನು ಕರೆದ ಮೇಲೆ ಪೆಂಡಾಲು, ಊಟ, ಹಾಡು ಎಲ್ಲವೂ ಬೇಕು. ಮನರಂಜನೆಯಿಲ್ಲದ ಸಭೆಯನ್ನು ನಮ್ಮ ಭಾಗದ ಜನ ಇಷ್ಟಪಡುವುದೂ ಇಲ್ಲ. ತಕರಾರು ಇರುವುದು ಮನರಂಜನೆಗೆ ಇಲ್ಲಿ ಕೊಟ್ಟಿರುವ ಕೆಲಸದ ಬಗ್ಗೆ. ಭಾಷಣದ ಬೇಸರ ಕಳೆಯುವುದಕ್ಕೆ, ಜನ ಎದ್ದು ಹೋಗದಂತೆ ಹಿಡಿದು ಕೂರಿಸುವುದಕ್ಕೆ ಅದನ್ನು ತರುತ್ತಾರೆ. ಹಾಡಿಗೂ ವಿಷಯಕ್ಕೂ ಸಂಬಂಧವಿಲ್ಲ, ನಗೆಗೂ ಬೆಳೆಗೂ ಸಂಬಂಧವಿಲ್ಲ. ನಾಲ್ಕು ತಾಸು ಕುಳಿತ ರೈತ ಒಂದು ಮಾತೂ ಆಡದೆ ಮನೆಗೆ ಹೋಗುತ್ತಾನೆ. ಮಾರುಕಟ್ಟೆಯ ಲೆಕ್ಕದಲ್ಲೂ ಇದು ಸೋಲು, ಏಕೆಂದರೆ ಅವನು ಯಾಕೆ ಆ ಬೀಜ ಬಿಟ್ಟು ಈ ಬೀಜ ಕೊಂಡ ಎಂಬುದು ಕಂಪನಿಗೆ ಆಗಲೂ ತಿಳಿಯಲಿಲ್ಲ.

ಈ ಅಚ್ಚು ಬಂದದ್ದು ಬೆಂಗಳೂರಿನ ಹೋಟೆಲುಗಳಿಂದ, ಅರಮನೆ ಮೈದಾನದಿಂದ. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆದ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದ ಕೊನೆಗೆ 10.27 ಲಕ್ಷ ಕೋಟಿ ರೂಪಾಯಿ ಬಂಡವಾಳದ ಭರವಸೆ ಸಿಕ್ಕಿದೆಯೆಂದು ಸರ್ಕಾರ ಹೇಳಿತು. ಅಂಥ ಕಡೆ ಸೇರುವವರು ಒಬ್ಬರಿಗೊಬ್ಬರು ಅಪರಿಚಿತರು. ಅವರ ಸಂಕೋಚ ಬಿಡಿಸುವ ಆಟ, ಕುತ್ತಿಗೆಯ ಹೆಸರುಪಟ್ಟಿ, ಸಂಜೆಯ ಸಂಗೀತ, ಒಟ್ಟಿಗೆ ಊಟ ಇವೆಲ್ಲ ಅಲ್ಲಿ ಅರ್ಥವಿರುವ ಏರ್ಪಾಡುಗಳೇ. ಪರಿಚಯ ಮಾಡಿಸುವುದೇ ಆ ಸಮಾವೇಶದ ಅರ್ಧ ಕೆಲಸ.

ತೇರದಾಳದಲ್ಲಿ ಯಾರಿಗೆ ಯಾರ ಪರಿಚಯ ಮಾಡಿಸಬೇಕು? ಗೊಬ್ಬರದ ಅಂಗಡಿಯವರೂ ರೈತರೂ ಒಂದೇ ಓಣಿಯವರು, ಒಂದೇ ಜಾತ್ರೆಗೆ ಪಟ್ಟಿ ಕೊಡುವವರು, ಹಲವು ಸಲ ಬೀಗರು. ಪರಿಚಯ ಹೆಚ್ಚಾಗಿರುವುದೇ ಇಲ್ಲಿಯ ತೊಡಕು. ಬೀಜ, ಗೊಬ್ಬರ, ಔಷಧಿ ಎಷ್ಟೋ ಮನೆಗೆ ಉದ್ರಿಯಲ್ಲಿ ಬರುತ್ತದೆ. ಕಬ್ಬಿನ ಬಿಲ್ಲು ಬಂದ ಮೇಲೆ, ಅರಿಶಿನ ಮಾರಿದ ಮೇಲೆ ಲೆಕ್ಕ ತೀರುತ್ತದೆ. ಉದ್ರಿ ಬಾಕಿ ಇರುವಾಗ ‘ಅಣ್ಣಾ, ಕಳೆದ ಸಲ ಕೊಟ್ಟ ಬೀಜ ಅರ್ಧ ನಾಟಲಿಲ್ಲ’ ಎಂದು ಅಂಗಡಿಯಲ್ಲಿ ನಿಂತು ಕೇಳುವುದು ಸುಲಭವಲ್ಲ. ಅಂಗಡಿಯವರೂ ‘ನಾ ಏನ್ ಮಾಡ್ಲಿ, ಕಂಪನಿಯವರನ್ನ ಕೇಳ್ರಿ’ ಎನ್ನಬೇಕಾಗುತ್ತದೆ. ವರ್ಷಕ್ಕೊಮ್ಮೆ ಕಂಪನಿಯವರೇ ಎದುರಿಗೆ ಬಂದು ಕೂರುವ ದಿನ ಎಂದರೆ ಈ ಕಾರ್ಯಕ್ರಮ. ಅಂಗಡಿಯ ಕಟ್ಟೆಯ ಮೇಲೆ ಕೇಳಲಾಗದ್ದನ್ನು ಕೇಳಲು ಸಿಗುವ ಒಂದೇ ಜಾಗ. ಆ ದಿನದ ತುಂಬ ಸಿನಿಮಾ ಹಾಡು ತುಂಬಿದರೆ ರೈತನೂ ಕಳೆದುಕೊಳ್ಳುತ್ತಾನೆ, ಡೀಲರನೂ ಕಳೆದುಕೊಳ್ಳುತ್ತಾನೆ.

ವ್ಯಾಪಾರಸ್ಥರು ಸೇರಿ ಕೂರುವುದು ಈ ನೆಲಕ್ಕೆ ಹೊಸದೇನಲ್ಲ. 12ನೆಯ ಶತಮಾನದಲ್ಲಿ ಮಾಂಡಲಿಕ ಗೊಂಕ ತೇರದಾಳದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರ ಹೆಸರೂ ಬರುತ್ತದೆ. ಇಂದಿನ ಐಹೊಳೆಯ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿದ ಸಂಘ ಅದು. ಆ ವರ್ತಕರು ತಮ್ಮ ಸರಕಿನ ಮೇಲೆ ದಾನ ನಿಗದಿ ಮಾಡಿ ಕಲ್ಲಿನ ಮೇಲೆ ಬರೆಸುತ್ತಿದ್ದರು. ಸಭೆಯಲ್ಲಿ ಒಪ್ಪಿದ್ದನ್ನು ಎಲ್ಲರೂ ಓದುವಂತೆ ಊರ ಮುಂದೆ ನಿಲ್ಲಿಸುವ ಪದ್ಧತಿ ಆಗಲೇ ಇತ್ತು.

ಇನ್ನು ಮನರಂಜನೆಗೆ ಬರೋಣ. ಕೇಳುವವರಿಗೆ ಸರದಿ ಕೊಡುವ ಕಲೆ ಈ ಭಾಗದಲ್ಲಿ ಬೇಕಾದಷ್ಟಿದೆ. ಗೀಗೀ ಮೇಳದ ಹರದೇಶಿ-ನಾಗೇಶಿ ನೋಡಿ. ಎರಡು ಮೇಳ ಎದುರು ಬದುರು ನಿಲ್ಲುತ್ತವೆ. ಒಂದು ಶಿವನ ಪಕ್ಷ, ಗಂಡಿನ ಪಕ್ಷ. ಇನ್ನೊಂದು ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ದಪ್ಪು, ತುಂತುಣಿ, ತಾಳಗಳ ಜೊತೆ ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡಬೇಕು. ಕೊಡದಿದ್ದರೆ ಕೂತ ಜನ ಸುಮ್ಮನೆ ಬಿಡುವುದಿಲ್ಲ. ರಾತ್ರಿಯಿಡೀ ನಡೆದರೂ ಜನ ಏಳದಿರುವುದು ರಾಗದ ಸೊಗಸಿನಿಂದ ಮಾತ್ರವಲ್ಲ, ಮುಂದಿನ ಜವಾಬು ಏನು ಬರುತ್ತದೆಂಬ ಕುತೂಹಲದಿಂದ. ಇಷ್ಟು ಗಟ್ಟಿಯಾದ ವಾದದ ಕ್ರಮ ನಮ್ಮ ಕೈಯಲ್ಲಿರುವಾಗ ಬೇರೆ ಊರಿನ ಆಟಗಳನ್ನು ಏಕೆ ಬಾಡಿಗೆಗೆ ತರಬೇಕು?

ಶ್ರೀಕೃಷ್ಣ ಪಾರಿಜಾತವೂ ಹಾಗೆಯೇ. ಕುಲಗೋಡ ತಮ್ಮಣ್ಣ ಅದಕ್ಕೆ ಆಟದ ರೂಪ ಕೊಟ್ಟರು. ಕೌಜಲಗಿ ನಿಂಗಮ್ಮನಂಥವರು ಅದನ್ನು ಮನೆಮನೆಯ ಮಾತಾಗಿಸಿದರು. ಅಲ್ಲಿ ಸತ್ಯಭಾಮೆ ಎಷ್ಟೇ ದೊಡ್ಡ ಮಾತಾಡಲಿ, ಎದುರಿಗೆ ಭಾಗವತ ನಿಂತಿರುತ್ತಾನೆ. ಹಳ್ಳಿಯವನ ಬಾಯಿಯಲ್ಲಿ ಅವಳನ್ನು ಕೆಣಕುತ್ತಾನೆ, ‘ಹಂಗಂದ್ರೇನವಾ’ ಎಂದು ಬಿಡಿಸಿ ಕೇಳುತ್ತಾನೆ. ಪ್ರೇಕ್ಷಕನಿಗೆ ತಿಳಿಯದ್ದು, ಪ್ರೇಕ್ಷಕ ಕೇಳಬೇಕೆಂದಿದ್ದದ್ದು ಅವನ ಬಾಯಿಂದ ಬರುತ್ತದೆ. ಕಂಪನಿಯ ತಾಂತ್ರಿಕ ಅಧಿಕಾರಿ ಬೇರುಹುಳದ ಔಷಧಿಯ ಬಗ್ಗೆ ಪುಸ್ತಕದ ಭಾಷೆಯಲ್ಲಿ ಮಾತಾಡುವಾಗ ಪಕ್ಕದಲ್ಲಿ ಇಂಥ ಒಬ್ಬ ಭಾಗವತ ಇದ್ದರೆ ಹೇಗಿರುತ್ತದೆ ಎಂದು ಯೋಚಿಸಿ. ‘ಎಕರೆಗೆ ಎಷ್ಟು ಬೀಳತೈತಿ ಸಾಹೇಬ್ರ? ಮಳಿ ಬಂದ್ರ ಮತ್ತ ಹೊಡೀಬೇಕೇನು?’ ಎಂದು ಅವನು ಕೇಳಿದರೆ ಜನ ನಗುತ್ತಾರೆ, ಉತ್ತರವೂ ಸಿಗುತ್ತದೆ. ಉತ್ತರ ಕೊಡಲು ಅಧಿಕಾರಿ ತಯಾರಾಗಿ ಬರಬೇಕಾಗುತ್ತದೆ. ಸಭೆಗೆ ಆಗುವ ದೊಡ್ಡ ಲಾಭ ಅದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ‘ಸ್ಥಳೀಯ ಕಲೆ ಬಳಸಿ’ ಎಂದ ಕೂಡಲೇ ಕಂಪನಿಗಳಿಗೆ ಕಾರ್ಯಕ್ರಮ ನಡೆಸಿಕೊಡುವ ಏಜೆನ್ಸಿಗಳು ಮಾಡುವುದು ಎರಡು ಕೆಲಸ. ಒಂದು, ಕರಡಿ ಮಜಲಿನವರನ್ನೋ ಡೊಳ್ಳಿನವರನ್ನೋ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸಿ ಕಾರಿನಿಂದ ಇಳಿಯುವ ಅತಿಥಿಗಳಿಗೆ ಬಾರಿಸುವಂತೆ ಹೇಳುವುದು. ಗಂಟೆಗಟ್ಟಲೆ ಲಯ ಬೆಳೆಸುವ ವಾದ್ಯಕ್ಕೆ ಅಲ್ಲಿ ಸಿಗುವುದು ತುಣುಕು ತುಣುಕಾದ ಐದು ನಿಮಿಷ. ವೇದಿಕೆ ಹತ್ತುವ ಭಾಗ್ಯ ಸಿನಿಮಾ ಹಾಡು ಹಾಡುವವರಿಗೆ. ಇದು ಕಲಾವಿದರಿಗೆ ಮಾಡುವ ಅವಮಾನ, ಸಂಭಾವನೆ ಎಷ್ಟೇ ಕೊಟ್ಟರೂ. ಇನ್ನೊಂದು, ಹಳೆಯ ಧಾಟಿಗೆ ಕಂಪನಿಯ ಹೆಸರು ಜೋಡಿಸಿ ಹಾಡಿಸುವುದು. ಪದಗಳಿಗೆ ಪ್ರಚಾರದ ಕೆಲಸ ಮೊದಲಿನಿಂದಲೂ ಇದೆ, ನಿಜ. ಭಾರತ ಸರ್ಕಾರದ ಹಾಡು ಮತ್ತು ನಾಟಕ ವಿಭಾಗ 1954ರಿಂದ ಇಂಥ ಕೆಲಸ ಮಾಡಿತು. 1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಊರೂರು ಸುತ್ತಿದವು. ಆದರೆ ಅಕ್ಷರ ಕಲಿಯಿರಿ ಎನ್ನುವ ಹಾಡಿನಲ್ಲಿ ಹಾಡುವವರಿಗೆ ನಂಬಿಕೆ ಇತ್ತು. ತಾನು ಹೊಲಕ್ಕೆ ಹಾಕದ ಗೊಬ್ಬರದ ಗುಣಗಾನವನ್ನು ಬೆಳಗಿನ ಹೊತ್ತು ಕೊಟ್ಟ ಚೀಟಿ ನೋಡಿ ಹಾಡುವ ಗಾಯಕಿಯ ದನಿಯಲ್ಲಿ ಆ ನಂಬಿಕೆ ಬರಲಾರದು, ಕೇಳುವವರಿಗೆ ಅದು ಗೊತ್ತಾಗುತ್ತದೆ. ಮೇಳದಿಂದ ಎರವಲು ಪಡೆಯಬೇಕಾದದ್ದು ಸವಾಲು-ಜವಾಬಿನ ಕ್ರಮ. ಸವಾಲು ಹಾಕುವ ಸ್ವಾತಂತ್ರ್ಯ ಮೇಳಕ್ಕಿರಬೇಕು, ಕಂಪನಿಗೆ ಕಹಿಯಾದ ಸವಾಲೂ ಸೇರಿ.

ಹಾಸ್ಯದ ಬಗ್ಗೆಯೂ ಇದೇ ಮಾತು. ಗಂಗಾವತಿ ಪ್ರಾಣೇಶ್ ಅವರಂಥವರು ಉತ್ತರ ಕರ್ನಾಟಕದ ಮಾತನ್ನು ನಾಡಿನ ಎಲ್ಲ ವೇದಿಕೆಗಳಿಗೆ ಒಯ್ದರು, ಜನ ಟಿಕೆಟ್ ತೆಗೆದುಕೊಂಡು ಕೇಳುವ ಮಾತು ಅದು. ಅಂಥ ಕಲೆಯನ್ನು ಎರಡು ಭಾಷಣಗಳ ನಡುವೆ ತುರುಕುವುದರಿಂದ ಯಾರಿಗೂ ಉಪಕಾರವಿಲ್ಲ. ಹಾಸ್ಯ ಬೇಕಿದ್ದರೆ ಊಟದ ನಂತರ ಪೂರ್ತಿ ಸಂಜೆ ಅದಕ್ಕೇ ಬಿಡಬೇಕು, ಮನೆಮಂದಿಯನ್ನೂ ಕರೆಯಬೇಕು. ಈಗ ಈ ಸಭೆಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಕಡಿಮೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಳೆ ತೆಗೆಯುವವರು, ಅರಿಶಿನ ಆರಿಸುವವರು, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವರು ಅವರು. ಆಮಂತ್ರಣ ಮಾತ್ರ ಗಂಡಸರ ಹೆಸರಿಗೆ.

ಹತ್ತಿರದಲ್ಲೇ ಒಂದು ಒಳ್ಳೆಯ ಮಾದರಿಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೆಪ್ಟೆಂಬರಿನಲ್ಲಿ ನಡೆಸುವ ಕೃಷಿ ಮೇಳಕ್ಕೆ ಈ ಭಾಗದಿಂದ ಗಾಡಿಗಟ್ಟಲೆ ಜನ ಹೋಗುತ್ತಾರೆ. ಅಲ್ಲಿಯೂ ಭಾಷಣಗಳಿವೆ, ಮಳಿಗೆಗಳ ಗದ್ದಲವಿದೆ. ಆದರೆ ಜನ ಸಾಲುಗಟ್ಟಿ ನಿಲ್ಲುವುದು ಕೀಟಗಳ ಪ್ರದರ್ಶನದ ಮುಂದೆ, ಪ್ರಾತ್ಯಕ್ಷಿಕೆಯ ತಾಕುಗಳ ಬದುವಿನ ಮೇಲೆ. ಹುಳ ನೋಡಿ ಮಕ್ಕಳು ಕುಣಿಯುತ್ತವೆ, ಅದೇ ಹುಳ ತನ್ನ ಹತ್ತಿಗೆ ಏನು ಮಾಡುತ್ತದೆಂದು ಅಪ್ಪ ಪಕ್ಕದಲ್ಲಿರುವ ವಿದ್ಯಾರ್ಥಿಯನ್ನು ಕೇಳುತ್ತಾನೆ. ರಂಜನೆ ಬೇರೆ, ವಿಷಯ ಬೇರೆ ಎಂಬ ಭೇದ ಅಲ್ಲಿ ಇಲ್ಲ. ನಮ್ಮ ಕಡೆ ಕಬ್ಬಿನ ಹೊಲದಲ್ಲೇ ನಡೆಯುವ ಕ್ಷೇತ್ರೋತ್ಸವಗಳಲ್ಲಿ ಕೂಡ ಇದನ್ನು ಕಾಣಬಹುದು: ಎರಡು ತಳಿಗಳ ಕಬ್ಬನ್ನು ಜನರೆದುರೇ ಕಡಿದು ತೂಗಿ, ಯಾವುದು ಎಷ್ಟು ಬಂತೆಂದು ಮೊದಲೇ ಊಹೆ ಕಟ್ಟಿದವರಿಗೆ ಬಹುಮಾನ ಕೊಟ್ಟರೆ ಲಕ್ಕಿ ಡ್ರಾ ಬೇಕಾಗುವುದೇ ಇಲ್ಲ. ತೂಕದ ಮುಳ್ಳು ನಿಲ್ಲುವವರೆಗೆ ಯಾರೂ ಅಲ್ಲಾಡುವುದಿಲ್ಲ.

ದಿನ ಮತ್ತು ಹೊತ್ತು ನಿಗದಿ ಮಾಡುವುದರಲ್ಲಿ ಊರಿನ ತಿಳಿವಳಿಕೆ ಬೇಕು. ಏಜೆನ್ಸಿಗಳು ತಾರೀಖು ಹಿಡಿಯುವುದು ಕಂಪನಿಯ ಹಣಕಾಸು ವರ್ಷ ನೋಡಿ. ಮಾರ್ಚಿಗೆ ಮುಂಚೆ ಬಜೆಟ್ ಮುಗಿಸಬೇಕು. ಆಗ ಇಲ್ಲಿ ಕಬ್ಬಿನ ಕಟಾವು ಇನ್ನೂ ನಡೆದಿರುತ್ತದೆ, ಗ್ಯಾಂಗಿನವರು ಬಂದ ದಿನ ಹೊಲ ಬಿಟ್ಟು ಬರಲಾಗದು. ಅರಿಶಿನ ಅಗೆದು ಕುದಿಸುವ ಕೆಲಸವೂ ಅದೇ ಹೊತ್ತಿನದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಏಳು ತಾಸು, ಅದೂ ಪಾಳಿಯಂತೆ. ಕರೆಂಟು ಬಂದಾಗ ರೈತ ಹೊಲದಲ್ಲಿರುತ್ತಾನೆ, ಸೂಪರ್‌ಸ್ಟಾರ್ ಬಂದರೂ ಪೆಂಡಾಲಿಗೆ ಬರುವುದಿಲ್ಲ. ಎತ್ತು ಹೂಡದ ಸೋಮವಾರವನ್ನೋ ಅಮಾವಾಸ್ಯೆಯನ್ನೋ ನೋಡಿ, ಫೀಡರಿನ ಪಾಳಿ ವಿಚಾರಿಸಿ ತಾರೀಖು ಇಟ್ಟರೆ ಯಾವ ಜಾಹೀರಾತೂ ಇಲ್ಲದೆ ಅರ್ಧ ಕುರ್ಚಿ ತುಂಬುತ್ತದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿಷೇಧವಿದೆ, ಆದ್ದರಿಂದ ಹರದೇಶಿ-ನಾಗೇಶಿಯನ್ನು ಸಂಜೆಗೇ ಶುರು ಮಾಡಬೇಕು.

ಸನ್ಮಾನದ ಶಾಲಿನ ಬಗ್ಗೆ ಒಂದು ಮಾತು. ಸರ್ಕಾರಿ ಸಮಾರಂಭಗಳಲ್ಲಿ ಹಾರ-ತುರಾಯಿ ಬಿಟ್ಟು ಕನ್ನಡ ಪುಸ್ತಕ ಕೊಡಬೇಕೆಂದು 2021ರಲ್ಲಿ ಆದೇಶ ಬಂತು. ಕಂಪನಿಗಳಿಗೆ ಆ ಕಟ್ಟಿಲ್ಲ. ಆದರೆ ಮಗ್ಗದ ಸದ್ದಿನಲ್ಲೇ ಬೆಳಗಾಗುವ ರಬಕವಿ-ಬನಹಟ್ಟಿಯಲ್ಲಿ, ತೇರದಾಳದಲ್ಲಿ, ಬೇರೆ ರಾಜ್ಯದಿಂದ ಬಂದ ಮಿಂಚಿನ ಶಾಲು ಹೊದಿಸುವುದು ನನಗೆ ನೋವಿನ ಸಂಗತಿ. ಇಲ್ಲಿ ನೇಯ್ದ ಸೀರೆ, ಗುಳೇದಗುಡ್ಡದ ಖಣ, ನೇಕಾರರ ಸಂಘದಿಂದ ಕೊಂಡ ಒಂದು ಧೋತರ ಕೊಟ್ಟರೆ ಉಡುಗೊರೆ ಮನೆಯಲ್ಲಿ ಬಳಕೆಯಾಗುತ್ತದೆ, ಹಣವೂ ಊರಲ್ಲೇ ಉಳಿಯುತ್ತದೆ.

ಜನ ಸೇರಲು ಮನರಂಜನೆಯೇ ಬೇಕು ಎಂಬ ನಂಬಿಕೆಯನ್ನು ಅಲುಗಿಸಿದ ಘಟನೆ 2025ರ ನವೆಂಬರಿನದು. ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕುಳಿತರು. ಕೊನೆಗೆ ಸರ್ಕಾರ ಕಾರ್ಖಾನೆಗಳ ಜೊತೆ ಮಾತಾಡಿ 3,300ಕ್ಕೆ ನಿಗದಿ ಮಾಡಿತು. ಯಾವ ಏಜೆನ್ಸಿಯೂ ಆ ಜನರನ್ನು ಕರೆತಂದಿರಲಿಲ್ಲ. ತಮ್ಮ ದರದ ಮಾತು ಇತ್ತು, ತಾವು ಮಾತಾಡಲು ಅವಕಾಶ ಇತ್ತು, ಬಂದರು. ಕಬ್ಬು ಬೆಳೆಗಾರರ ಸಂಕಿರಣದಲ್ಲಿ ಇಳುವರಿ, ತಳಿ, ಹನಿ ನೀರಾವರಿ ಎಲ್ಲದರ ಬಗ್ಗೆಯೂ ಭಾಷಣವಿಟ್ಟು ದರದ ಬಗ್ಗೆ, ತೂಕದ ಬಗ್ಗೆ, ಬಿಲ್ಲು ಬರುವ ತಾರೀಖಿನ ಬಗ್ಗೆ ಪ್ರಶ್ನೆಗೆ ಜಾಗ ಬಿಡದಿದ್ದರೆ ಆ ಪ್ರಶ್ನೆಗಳು ರಸ್ತೆಗೆ ಬರುತ್ತವೆ. ಸಂಯೋಜಕರು ಇದನ್ನು ಅಪಾಯವೆಂದು ತಿಳಿದು ದೂರವಿಡುತ್ತಾರೆ. ಆ ಪ್ರಶ್ನೆಗಳಿಗೆ ಪೆಂಡಾಲಿನೊಳಗೆ ಜಾಗ ಮಾಡುವುದೇ ಅವರ ಕಸುಬು ಎಂದು ನಾನು ತಿಳಿದಿದ್ದೇನೆ.

ಕಾರ್ಯಕ್ರಮ ಮುಗಿದ ಮೇಲೆ ಏಜೆನ್ಸಿ ಕಂಪನಿಗೆ ಕೊಡುವ ವರದಿಯಲ್ಲಿ ಇರುವುದು ಎಷ್ಟು ಜನ ಬಂದರು, ಎಷ್ಟು ಫೋಟೊ, ಎಷ್ಟು ಜನ ವಿಡಿಯೊ ನೋಡಿದರು. ಇದಕ್ಕಿಂತ ಗಟ್ಟಿಯಾದ ಪದ್ಧತಿ ಹಳ್ಳಿಯ ಸೊಸೈಟಿಯಲ್ಲಿದೆ. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಮೊದಲ ಸಹಕಾರ ಸಂಘ ಹುಟ್ಟಿದಂದಿನಿಂದ ಬೆಳೆದುಬಂದ ಶಿಸ್ತು ಅದು. ವಾರ್ಷಿಕ ಸಭೆಗೆ ಮುಂಚಿತ ನೋಟಿಸು ಬರುತ್ತದೆ, ಅಢಾವೆ ಪತ್ರಿಕೆ ಓದುತ್ತಾರೆ, ಸದಸ್ಯ ಎದ್ದು ನಿಂತು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ, ಹಿಂದಿನ ವರ್ಷದ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುತ್ತಾರೆ. ಗದ್ದಲವೂ ಆಗುತ್ತದೆ, ಜಗಳವೂ ಆಗುತ್ತದೆ, ಪುಸ್ತಕ ಮಾತ್ರ ಉಳಿಯುತ್ತದೆ. ಬೀಜದ ಕಂಪನಿ, ಟ್ರ್ಯಾಕ್ಟರ್ ಕಂಪನಿ, ಸಕ್ಕರೆ ಕಾರ್ಖಾನೆ ಯಾವುದೇ ಇರಲಿ, ತೇರದಾಳದಲ್ಲಿ ಸಭೆ ನಡೆಸಿದರೆ ಇಂಥ ಒಂದು ಪುಸ್ತಕ ಇಡಲಿ. ಯಾರು ಏನು ಕೇಳಿದರು, ಅದಕ್ಕೆ ಯಾವ ಅಧಿಕಾರಿ ಏನು ಹೇಳಿದರು ಎಂದು ಬರೆಯಲಿ. ಮರುವರ್ಷ ದೀಪ ಬೆಳಗಿದ ಕೂಡಲೇ, ಸ್ವಾಗತ ಭಾಷಣಕ್ಕೂ ಮೊದಲು, ಅದನ್ನು ಓದಲಿ.